ಮೊನೆಯ ಕಾವಲು

ಕನ್ನಡದಲ್ಲಿ ‘ಕಾಯುವುದು’ ಎಂಬ ಮಾತಿಗಿರುವ ಎರಡು ಅರ್ಥಗಳನ್ನು ವಾಚಕರು ಬಲ್ಲರು. ಬೆಳೆಯನ್ನು ಕಾಯುವವನು ಅದನ್ನು ಹಂದಿ ದನಗಳಿಂದ ರಕ್ಷಿಸುತ್ತಾನೆ. ಮಳೆಯನ್ನು ಕಾಯುವವನು ಅದರ ದಾರಿ ನೋಡುತ್ತಾನೆ. ಒಂದು ವಸ್ತುವನ್ನು ಕಾಪಾಡಲು ಹೊರಟವನಿಗೆ ಮೊದಲನೆಯ ಕಾಯುವಿಕೆ ಮಾತ್ರ ಸಾಕೆ, ಎರಡನೆಯದೂ ಬೇಕೆ? ವಸ್ತುವು ಕೆಡದಂತೆ ಎತ್ತಿಡುವುದೇ ಅದರ ರಕ್ಷಣೆಯೆ, ಅಥವಾ ಅದು ಯಾತಕ್ಕಾಗಿ ಹುಟ್ಟಿತೋ ಆ ಕೆಲಸವನ್ನು ಅದರಿಂದ ಮಾಡಿಸುತ್ತ ಬರುವುದು ರಕ್ಷಣೆಯೆ? ಇಂಥ ಪ್ರಶ್ನೆಗಳನ್ನು ದೊಡ್ಡವರು ದೇವಾಲಯ, ಗ್ರಂಥ, ಸಂಪತ್ತು ಮೊದಲಾದ ಘನವಸ್ತುಗಳನ್ನು ಮುಂದಿಟ್ಟುಕೊಂಡು ಚರ್ಚಿಸುವುದುಂಟು. ಪ್ರಾಥಮಿಕ ಶಾಲೆಯಲ್ಲಿ ಮಕ್ಕಳ ನಡುವೆ ದಿನ ಕಳೆಯುವ ನಮಗೆ ಅದು ಎದುರಾದುದು ಒಂದು ಆಟಿಕೆಯ ತುದಿಯಲ್ಲಿ. ತುದಿಯೆಂದರೆ ನಿಜವಾಗಿಯೂ ತುದಿಯೇ. ಸಾಸಿವೆ ಕಾಳಿನಷ್ಟು ಅಗಲದ ಮರದ ಮೊನೆ.

ಆ ಆಟಿಕೆಯ ಹೆಸರು ಕೆಂದಮ. ಜಪಾನೀ ಭಾಷೆಯಲ್ಲಿ ‘ಕೆನ್’ ಎಂದರೆ ಕತ್ತಿ, ‘ತಮ’ ಎಂದರೆ ಗುಂಡು. ಎರಡೂ ಕೂಡುವಾಗ ತಕಾರವು ದಕಾರವಾಗುತ್ತದೆ. ಆದೇಶಸಂಧಿಯನ್ನು ಓದಿದ ನಮ್ಮವರಿಗೆ ಇದು ಅಪರಿಚಿತವೆನಿಸಲಾರದು. ಕೆಂದಮದ ಹಿಡಿ ಮರದ್ದು. ಅದಕ್ಕೆ ಅಡ್ಡಲಾಗಿ ಸೇರಿಸಿದ ಇನ್ನೊಂದು ತುಂಡಿನ ಎರಡು ಕೊನೆಗಳಲ್ಲಿ ಒಂದು ದೊಡ್ಡ ಬಟ್ಟಲು, ಒಂದು ಸಣ್ಣ ಬಟ್ಟಲು. ಹಿಡಿಯ ಬುಡದಲ್ಲಿ ಮಧ್ಯಮ ಗಾತ್ರದ ಮೂರನೆಯ ಬಟ್ಟಲು. ಹಿಡಿಯ ತಲೆಯಲ್ಲಿ ಮೊನೆ. ಸುಮಾರು 6 ಸೆಂಟಿಮೀಟರು ವ್ಯಾಸದ ಮರದ ಗುಂಡೊಂದು ದಾರದಿಂದ ಇದಕ್ಕೆ ತೂಗಿಕೊಂಡಿರುತ್ತದೆ. ಗುಂಡಿನಲ್ಲಿ ಒಂದು ತೂತು. ಗುಂಡನ್ನು ಮೇಲಕ್ಕೆ ಚಿಮ್ಮಿ ಬಟ್ಟಲಿನಲ್ಲಿ ಹಿಡಿಯುವುದು ಆಟದ ಮೊದಲ ಪಾಠ. ನಿಶ್ಚಲವಾಗಿ ತೂಗುತ್ತಿರುವ ಗುಂಡನ್ನು ನೇರವಾಗಿ ಮೇಲಕ್ಕೆಳೆದು, ಅದು ಇಳಿಯುವಾಗ ತೂತಿಗೆ ಸರಿಯಾಗಿ ಮೊನೆಯನ್ನು ಹೊಗಿಸುವುದು ‘ತೊಮೆಕೆನ್’. ಸಣ್ಣ ಬಟ್ಟಲು, ದೊಡ್ಡ ಬಟ್ಟಲು, ಬುಡದ ಬಟ್ಟಲು ಇವುಗಳನ್ನು ಕ್ರಮವಾಗಿ ಸಂದರ್ಶಿಸಿ ಕೊನೆಗೆ ಮೊನೆಯ ಮೇಲೆ ಬಂದು ನಿಲ್ಲುವ ಆಟಕ್ಕೆ ಅವರು ‘ಲೋಕವನ್ನೊಮ್ಮೆ ಸುತ್ತುವುದು’ ಎಂಬ ಅರ್ಥದ ಹೆಸರನ್ನಿಟ್ಟಿದ್ದಾರೆ. ಲೋಕ ಸುತ್ತಿದವನಿಗೂ ಕೊನೆಯ ನಿಲುಗಡೆ ಮೊನೆಯೇ.

ಬಟ್ಟಲಿನಲ್ಲಿ ಗುಂಡನ್ನು ಹಿಡಿಯುವ ಆಟ ಜಪಾನಿಗೆ ಮಾತ್ರ ಮೀಸಲಾದುದಲ್ಲ. ಹದಿನಾರನೆಯ ಶತಮಾನದ ಫ್ರಾನ್ಸಿನಲ್ಲಿ ಮೂರನೆಯ ಹೆನ್ರಿ ದೊರೆ ಇಂಥದೇ ಆಟಕ್ಕೆ ಮನಸೋತಿದ್ದನು. ಜಪಾನಿನಲ್ಲಿಯೂ ಇದು ಹಿಂದೆ ದೊಡ್ಡವರ ಪಾನಗೋಷ್ಠಿಯ ವಿನೋದವಾಗಿತ್ತು. ಗುಂಡನ್ನು ತಪ್ಪಿಸಿದವನು ಮದ್ಯವನ್ನು ಕುಡಿಯಬೇಕಾಗಿತ್ತು. 1876 ರಲ್ಲಿ ಅಲ್ಲಿನ ವಿದ್ಯಾಶಾಖೆ ಹೊರಡಿಸಿದ ಪುಸ್ತಕವೊಂದರಲ್ಲಿ ಇದು ಮಕ್ಕಳ ಆಟವಾಗಿ ವರ್ಣಿತವಾಯಿತು. ಇಂದಿನ ರೂಪವನ್ನು ಇದಕ್ಕೆ ಕೊಟ್ಟವನು ಹಿರೋಷಿಮಾ ಪ್ರಾಂತದ ಕುರೆ ಪಟ್ಟಣದ ಎಗುಸಾ ಹಮಾಜಿ. ಅವನು 1918 ರಲ್ಲಿ ಅರ್ಜಿ ಸಲ್ಲಿಸಿ 1919 ರಲ್ಲಿ ತನ್ನ ರಚನೆಯನ್ನು ನೋಂದಾಯಿಸಿಕೊಂಡನು. ಗುಂಡು ಸೂರ್ಯನಂತೆ, ಬಟ್ಟಲುಗಳು ಬಾಲಚಂದ್ರನಂತೆ ಕಾಣುವುದರಿಂದ ಅದಕ್ಕೆ ಸೂರ್ಯಚಂದ್ರರ ಚೆಂಡು ಎಂಬ ಅರ್ಥದ ಹೆಸರಿತ್ತು. ಮರದ ಚರಕಿ ಕೆಲಸಕ್ಕೆ ಹೆಸರಾದ ಹತ್ಸುಕಾಯಿಚಿ ಎಂಬ ಊರಿನಲ್ಲಿ 1921 ರಿಂದ ಇದರ ತಯಾರಿಕೆ ನಡೆಯಿತು. 1975 ರಲ್ಲಿ ಮಕ್ಕಳ ಸಾಹಿತಿ ಫುಜಿವಾರಾ ಇಸ್ಸೆಯಿ ಅವರು ಜಪಾನ್ ಕೆಂದಮ ಸಂಘವನ್ನು ಸ್ಥಾಪಿಸಿದ ಬಳಿಕ ಆಟದ ನಿಯಮಗಳೂ ಸ್ಪರ್ಧೆಯ ಕೆಂದಮದ ಅಳತೆಯೂ ಒಂದು ಕಟ್ಟಿಗೆ ಬಂದವು. 2014 ರಿಂದ ಅದೇ ಹತ್ಸುಕಾಯಿಚಿಯಲ್ಲಿ ಇದರ ವಿಶ್ವಸ್ಪರ್ಧೆಗಳು ಏರ್ಪಡುತ್ತ ಬಂದಿವೆ.

ಇನ್ನು ಮೊನೆಯ ಸ್ವಭಾವವನ್ನು ಸ್ವಲ್ಪ ವಿಚಾರಿಸೋಣ. ಹಿಡಿಯನ್ನು ಬೀಚ್, ಚೆರಿ, ಮೇಪಲ್ ಮೊದಲಾದ ಗಟ್ಟಿ ಮರಗಳಿಂದ ಕಡೆಯುತ್ತಾರೆ. ಮರದ ಎಳೆಗಳು ಹಿಡಿಯುದ್ದಕ್ಕೂ ಹರಿದು ಮೊನೆಯಲ್ಲಿ ಕೊನೆಗೊಳ್ಳುತ್ತವೆ. ಗುಂಡು ತೂತನ್ನು ತಪ್ಪಿ ಇಳಿದಾಗ ಅದರ ಭಾರವೆಲ್ಲವೂ ಆ ಸಾಸಿವೆಯಷ್ಟು ಜಾಗದ ಮೇಲೆ ಬೀಳುತ್ತದೆ. ನೇರವಾಗಿ ಬಿದ್ದರೆ ಎಳೆಗಳ ತಲೆಗಳು ಕುಟ್ಟಿಹೋಗಿ, ಹಲ್ಲುಜ್ಜಿದ ಬೇವಿನ ಕಡ್ಡಿಯ ಕೊನೆಯಂತೆ ಕೆದರುತ್ತವೆ. ಓರೆಯಾಗಿ ಬಿದ್ದರೆ ಎಳೆಯ ಜಾಡು ಹಿಡಿದು ಸೀಳು ಹೊರಡುತ್ತದೆ. ಕೈಜಾರಿ ಸಿಮೆಂಟಿನ ನೆಲಕ್ಕೆ ತಲೆಕೆಳಗಾಗಿ ಬಿದ್ದರಂತೂ ಹೇಳತಕ್ಕುದೇನೂ ಉಳಿಯದು. ಹೀಗೆ ಇಡೀ ಆಟಿಕೆಯಲ್ಲಿ ಅತ್ಯಂತ ದುರ್ಬಲವಾದ ಭಾಗವೇ ಅತ್ಯಂತ ಕಠಿನವಾದ ಕೆಲಸಕ್ಕೆ ನಿಯುಕ್ತವಾಗಿದೆ. ಬಟ್ಟಲುಗಳು ಸ್ವಲ್ಪ ತಪ್ಪಿದ ಗುಂಡನ್ನೂ ಕ್ಷಮಿಸಿ ಬರಮಾಡಿಕೊಳ್ಳುತ್ತವೆ. ಮೊನೆಗೆ ಆ ಔದಾರ್ಯವಿಲ್ಲ.

ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ಉದ್ಯೋಗನಿಮಿತ್ತ ಜಪಾನಿಗೆ ಹೋದವರು ಊರಿಗೆ ಬಂದಾಗ ಇಂಥದೊಂದು ಕೆಂದಮವನ್ನು ಮಕ್ಕಳಿಗೆಂದು ತಂದುಕೊಟ್ಟರು. ಮಕ್ಕಳು ಎರಡೇ ದಿನಗಳಲ್ಲಿ ಅದನ್ನು ‘ಕೆಂಡಮ್ಮ’ ಮಾಡಿಕೊಂಡರು. ಇದ್ದುದು ಒಂದೇ ಕೆಂಡಮ್ಮ. ತರಗತಿಯಲ್ಲಿ ಮಕ್ಕಳು ಮೂವತ್ತೆಂಟು. ಕಲಿಕೆಯ ಸಾಮಗ್ರಿಯನ್ನು ಜೋಪಾನವಾಗಿಡುವುದು ಶಿಕ್ಷಕನ ಧರ್ಮವೆಂದು ತರಬೇತಿಯ ದಿನಗಳಲ್ಲಿ ನಾವು ಕಲಿತಿದ್ದೆವು. ಸೈಕಲ್ಲಿನ ವಾಲ್ವಿನ ರಬ್ಬರು ಕೊಳವೆಯನ್ನು ಕತ್ತರಿಸಿ ಮೊನೆಗೆ ಟೊಪ್ಪಿ ತೊಡಿಸಿದೆವು. ಬಟ್ಟಲುಗಳಲ್ಲಿ ಎಲ್ಲರೂ ಆಡಬಹುದು. ದೊಡ್ಡ ಬಟ್ಟಲಿಗೂ ಬುಡದ ಬಟ್ಟಲಿಗೂ ನಡುವೆ ಗುಂಡನ್ನು ಐವತ್ತು ಸಲ ತಪ್ಪದೆ ದಾಟಿಸಿದವರಿಗೆ ಮಾತ್ರ ಟೊಪ್ಪಿ ತೆಗೆಯುವ ಅಧಿಕಾರ ಎಂದು ವಿಧಿಸಿದೆವು. ಜಪಾನಿನ ಮಕ್ಕಳು ಆಮೆ ಮೊಲಗಳ ಕಥೆಯ ಹಾಡೊಂದರ ತಾಳಕ್ಕೆ ಈ ಅಭ್ಯಾಸವನ್ನು ಮಾಡುತ್ತಾರಾದುದರಿಂದ ನಮ್ಮ ನಿಯಮಕ್ಕೆ ಒಂದು ಆಧಾರವೂ ಇದ್ದಂತಾಯಿತು. ಅಷ್ಟಕ್ಕೇ ನಿಲ್ಲಿಸದೆ ಇನ್ನೊಂದು ಮಾತನ್ನೂ ಸೇರಿಸಿದೆವು: ಮೊನೆಯನ್ನು ಮುರಿದವರು ಮತ್ತೆ ಅದನ್ನು ಮುಟ್ಟುವಂತಿಲ್ಲ.

ಜೂನಿನ ಮಳೆ ಬಂದಿತು, ಜುಲೈ ಕಳೆಯಿತು. ಆಗಸ್ಟಿನ ಒಂದು ಮಧ್ಯಾಹ್ನ ತರಗತಿಯ ಬಾಲಿಕೆಯೊಬ್ಬಳು ಐವತ್ತನ್ನು ಮುಗಿಸಿದಳು. ಎಲ್ಲರೂ ಸುತ್ತ ನೆರೆದಿರಲು ನಾವು ಸಂಭ್ರಮದಿಂದ ಟೊಪ್ಪಿಯನ್ನು ಎಳೆದೆವು. ಟೊಪ್ಪಿಯೊಡನೆ ಮೊನೆಯೂ ಬಂದಿತು. ಅಕ್ಕಿಕಾಳಿನಷ್ಟು ಉದ್ದದ ಚೂರು; ಅದರ ಸೀಳು ಹೊಸತಾಗಿರಲಿಲ್ಲ, ತೇವದಿಂದ ಕಪ್ಪಾಗಿತ್ತು. ಹುಡುಗಿ ಅಳಲಿಲ್ಲ. ಕೈಯಲ್ಲಿದ್ದ ದಾರವನ್ನು ನೋಡುತ್ತ ನಿಂತಳು. ಯಾರು ಮಾಡಿದರೆಂದು ಗದರಿಸಿ ಕೇಳಿದೆವು, ಉತ್ತರ ಬರಲಿಲ್ಲ. ಮರುದಿನ ಬೆಳಿಗ್ಗೆ ಬಾಗಿಲ ಬಳಿ ಒಬ್ಬ ಬಾಲಕ ನಮಗಾಗಿ ಕಾದಿದ್ದನು. ಶಾಲೆ ತೆರೆದ ಹೊಸತರಲ್ಲಿಯೇ ಬಿಡುವಿನ ವೇಳೆಯಲ್ಲಿ ಟೊಪ್ಪಿ ತೆಗೆದು ಒಮ್ಮೆ ಆಡಿದನಂತೆ. ಜಗಲಿಯ ಸಿಮೆಂಟಿನ ಮೇಲೆ ಬಿದ್ದಿತಂತೆ. ಕೂದಲಿನಷ್ಟು ಸೀಳು ಕಂಡಿತಂತೆ. “ಹೇಳಿದರೆ ಇನ್ನು ಮುಟ್ಟಲು ಬಿಡುವುದಿಲ್ಲ ಎಂದಿದ್ದಿರಲ್ಲ” ಎಂದನು. ಆದುದರಿಂದ ಟೊಪ್ಪಿಯನ್ನು ಮತ್ತೆ ತೊಡಿಸಿ ಇಟ್ಟಿದ್ದನು.

ಆ ಮಾತು ನಮ್ಮನ್ನು ಬಹಳ ದಿನ ಬಿಡಲಿಲ್ಲ. ಕೂದಲಿನಷ್ಟು ಸೀಳು ಕಂಡ ದಿನವೇ ತೆಳುವಾದ ಅಂಟಿನ ಒಂದು ಹನಿಯನ್ನು ಅದಕ್ಕೆ ಉಣಿಸಿದ್ದರೆ ಮೊನೆ ಉಳಿಯುತ್ತಿತ್ತು. ಎರಡು ತಿಂಗಳು ರಬ್ಬರಿನ ಕೆಳಗೆ ಗಾಳಿಯಾಡದೆ, ಮಳೆಗಾಲದ ತೇವವನ್ನು ಹೀರಿ, ಎಳೆಗಳು ಉಬ್ಬಿ ಸೀಳು ಆಳವಾಯಿತು. ಅಂದರೆ ಮೊನೆಯನ್ನು ರಕ್ಷಿಸಲೆಂದು ನಾವು ಮಾಡಿದ ಎರಡು ಏರ್ಪಾಡುಗಳೇ ಅದನ್ನು ಮುರಿದವು: ಟೊಪ್ಪಿ ಗಾಯವನ್ನು ಮುಚ್ಚಿತು, ನಿಯಮ ಬಾಯಿಯನ್ನು ಮುಚ್ಚಿತು. ಹುಡುಗನು ಸುಳ್ಳುಗಾರನಾಗಿ ಹುಟ್ಟಿದವನಲ್ಲ. ಅವನ ಮುಂದೆ ನಾವು ಇಟ್ಟಿದ್ದ ಆಯ್ಕೆಯಲ್ಲಿ ಸತ್ಯದ ಪಾಲಿಗೆ ನಷ್ಟವೊಂದೇ ಇದ್ದಿತು. ಒಂಬತ್ತು ವರ್ಷದ ಮಗುವಿಗೆ ಅಂಥ ತಕ್ಕಡಿಯನ್ನು ಹಿಡಿಸಿ, ಅದು ತಪ್ಪು ತೂಗಿತೆಂದು ದೂರುವುದು ನ್ಯಾಯವೆ? ಮರದ ವಿಷಯದಲ್ಲಿಯೂ ಮನಸ್ಸಿನ ವಿಷಯದಲ್ಲಿಯೂ ಬಿರುಕನ್ನು ಬೆಳೆಸುವುದು ಪೆಟ್ಟಿಗಿಂತ ಹೆಚ್ಚಾಗಿ ಅನಂತರದ ಮುಚ್ಚಿಡುವಿಕೆ ಎಂಬುದನ್ನು ನಾವು ಆ ಅಕ್ಕಿಕಾಳಿನಷ್ಟು ಚೂರಿನಿಂದ ತಿಳಿದೆವು.

ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ವಸ್ತುವು ಒಬ್ಬನದಾದರೆ ಅವನು ಅದನ್ನು ಹೇಗೆ ಬೇಕಾದರೂ ಬಳಸಲಿ. ಮೂವತ್ತೆಂಟು ಜನರ ಸೊತ್ತನ್ನು ಒಬ್ಬನ ಅಜಾಗರೂಕತೆ ಹಾಳುಮಾಡಲು ಬಿಡಬಹುದೆ? ಆ ಬಾಲಿಕೆ ಎರಡು ತಿಂಗಳು ತಾಳ್ಮೆಯಿಂದ ಅಭ್ಯಾಸಮಾಡಿ, ತನ್ನ ಸರದಿ ಬಂದಾಗ ಮುರಿದ ಮೊನೆಯನ್ನು ಕಂಡಳು. ಹುಡುಗನ ಭಯಕ್ಕೆ ಮರುಗುವ ನಾವು ಅವಳ ನಿರಾಶೆಗೆ ಏನು ಹೇಳುವೆವು? ಈ ಆಕ್ಷೇಪ ತಳ್ಳಿಹಾಕತಕ್ಕುದಲ್ಲ. ನಿಯಮ ಬೇಕೇ ಬೇಕು. ಆದರೆ ಯಾವುದರ ಮೇಲೆ ನಿಯಮ ಎಂಬುದನ್ನು ವಿಚಾರಿಸಬೇಕು. ನಮ್ಮ ಹಳೆಯ ನಿಯಮವು ಯಾವ ಮಗು ಮುಟ್ಟಬಹುದು, ಯಾವ ಮಗು ಮುಟ್ಟಬಾರದು ಎಂದು ಹೇಳುತ್ತಿತ್ತು. ಎಲ್ಲಿ ಆಡಬೇಕು, ಹೇಗೆ ಹಿಡಿಯಬೇಕು, ಗಾಯವಾದರೆ ಏನು ಮಾಡಬೇಕು ಎಂಬುದನ್ನು ಹೇಳಿರಲೇ ಇಲ್ಲ. ಮೊನೆಗೆ ಶತ್ರು ಸಿಮೆಂಟು. ಅದನ್ನು ದೂರವಿಡುವ ಬದಲು ಮಕ್ಕಳನ್ನು ದೂರವಿಟ್ಟೆವು. ಆ ಹುಡುಗಿಗೆ ಅನ್ಯಾಯವಾದುದು ನಿಜ. ಅದರಲ್ಲಿ ಹುಡುಗನ ಪಾಲಿಗಿಂತ ನಮ್ಮ ಪಾಲು ಹಿರಿದು.

ಈಗ ನಮ್ಮಲ್ಲಿ ನಡೆಯುತ್ತಿರುವ ಕ್ರಮವನ್ನು ಹೇಳುತ್ತೇವೆ; ಇದು ಬೇರೆಯವರಿಗೂ ಉಪಯೋಗಕ್ಕೆ ಬಂದೀತು. ಆಟವು ಮುಂಡೋಲೆಯ ಚಾಪೆಯ ಮೇಲೆ, ಅಥವಾ ಅಂಗಳದ ಮಣ್ಣಿನ ಮೇಲೆ. ಗುಂಡು ಇಳಿಯುವಾಗ ಮೊಣಕಾಲುಗಳನ್ನು ಬಾಗಿಸಿ, ಕೈಯನ್ನೂ ಅದರೊಡನೆ ತುಸು ಇಳಿಸಬೇಕು. ಬೀಳುವುದರ ಜೊತೆಗೆ ನಾವೂ ಇಳಿದರೆ ಪೆಟ್ಟು ಮೃದುವಾಗುತ್ತದೆ. ಮೊನೆಯ ಆಯುಷ್ಯವನ್ನು ಹೆಚ್ಚಿಸುವ ಉಪಾಯಗಳಲ್ಲಿ ಇದಕ್ಕೆ ಸಮನಾದುದು ಬೇರೆಯಿಲ್ಲ. ಪ್ರತಿ ವಾರ ಮೊನೆಯನ್ನು ಬೆರಳ ತುದಿಯಿಂದ ಸವರಿ ನೋಡಬೇಕು. ಎಳೆಗಳು ಕೆದರಿದ್ದರೆ ನುಣುಪಾದ ಮರಳುಕಾಗದದಿಂದ ಕೆಳಗಿನಿಂದ ತುದಿಯ ಕಡೆಗೆ ಹಗುರವಾಗಿ ಉಜ್ಜಬೇಕು. ಸೀಳು ಕಂಡರೆ ನೀರಿನಂತೆ ತೆಳುವಾದ, ಕ್ಷಣದಲ್ಲಿ ಗಟ್ಟಿಯಾಗುವ ಸೂಪರ್ ಗ್ಲೂ ಅಂಟಿನ ಒಂದು ಹನಿಯನ್ನು ಮೊನೆಗೆ ಬಿಡಬೇಕು. ಎಳೆಗಳ ತಲೆಗಳು ಅಲ್ಲಿ ತೆರೆದುಕೊಂಡಿರುವುದರಿಂದ ಅದು ಒಳಗೆ ಇಂಗಿ ಅವುಗಳನ್ನು ಒಂದಾಗಿ ಬಂಧಿಸುತ್ತದೆ. ಚೆನ್ನಾಗಿ ಆರಿದ ಮೇಲೆ ಮತ್ತೊಮ್ಮೆ ಉಜ್ಜಿ ನಯಮಾಡಬೇಕು. ಬೆರಳಿಗೂ ಕಣ್ಣಿಗೂ ಅಪಾಯವಿರುವುದರಿಂದ ಅಂಟಿನ ಕೆಲಸ ಮಾತ್ರ ಹಿರಿಯರದು. ತೂತಿನ ಒಳಗೆ ಸೇರಿದ ಬಣ್ಣದ ಹೊಪ್ಪಳೆಯನ್ನು ಆಗಾಗ್ಗೆ ತೆಗೆಯಬೇಕು. ತೂತಿನ ಅಂಚು ಒರಟಾಗಿದ್ದರೆ ಅದೂ ಮೊನೆಯನ್ನು ಕೆರೆಯುತ್ತದೆ. ಮಳೆಗಾಲದಲ್ಲಿ ಆಟ ಮುಗಿದ ಮೇಲೆ ಬಟ್ಟೆಯಿಂದ ಒರಸಿ ಗಾಳಿಯಾಡುವ ಚೀಲದಲ್ಲಿ ತೂಗಹಾಕಬೇಕು. ಟೊಪ್ಪಿಯನ್ನು ನಾವು ಎಸೆದಿಲ್ಲ. ಪೆಟ್ಟಿಗೆಯಲ್ಲಿಟ್ಟು ಎಲ್ಲಿಗಾದರೂ ಒಯ್ಯುವಾಗ ಅದು ಬೇಕಾಗುತ್ತದೆ. ಪ್ರಯಾಣ ಮುಗಿದೊಡನೆ ತೆಗೆಯುತ್ತೇವೆ.

ಇಷ್ಟು ಮಾಡಿದ ಮೇಲೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಉಜ್ಜುವುದೆಂದರೆ ಸ್ವಲ್ಪ ಮರವನ್ನು ಕಳೆಯುವುದೇ ಸರಿ. ಆರೈಕೆಯೂ ಒಂದು ಬಗೆಯ ಸವೆತ. ನಮ್ಮ ಕೆಂದಮದ ಮೊನೆ ಮುರಿದು, ಉಜ್ಜಿಸಿಕೊಂಡು, ಈಗ ಮೂಲಕ್ಕಿಂತ ಸುಮಾರು 5 ಮಿಲಿಮೀಟರು ಕುಗ್ಗಿದೆ. ಕೈಗೆ ಬಂದ ಮರಳುಕಾಗದವನ್ನು ಬಿಡಲು ಮನಸ್ಸಾಗದೆ ಅದನ್ನು ಸೂಜಿಯಂತೆ ಮಾಡಬೇಕೆಂಬ ಆಸೆಯೂ ಹುಟ್ಟುತ್ತದೆ. ಚೂಪಾದ ಮೊನೆ ತೂತನ್ನು ಬೇಗ ಹುಡುಕೀತೆಂಬ ಎಣಿಕೆ. ತರಗತಿಯ ಒಬ್ಬ ಜಾಣ ಹಾಗೆ ಮಾಡಲು ಸಿದ್ಧನಾಗಿದ್ದನು. ದುರಸ್ತಿ ಎಲ್ಲಿ ಮುಗಿಯುತ್ತದೆ, ಗೆಲ್ಲುವ ಹಂಚಿಕೆ ಎಲ್ಲಿ ಆರಂಭವಾಗುತ್ತದೆ ಎಂಬುದು ಇಲ್ಲಿನ ಪ್ರಶ್ನೆ. ಇದಕ್ಕೆ ಮರವೇ ಉತ್ತರ ಕೊಡುತ್ತದೆ. ಅತಿ ಚೂಪಾದ ತುದಿಯಲ್ಲಿ ಎಳೆಗಳು ಕೆಲವೇ ಉಳಿಯುವುದರಿಂದ ಅದು ಮೊದಲ ಪೆಟ್ಟಿಗೇ ಮುರಿಯುತ್ತದೆ. ಪಕ್ಕದ ಮಗುವಿನ ಕಣ್ಣಿಗೂ ಅಪಾಯ. ತುಸು ದುಂಡಾದ ಮೊನೆ ಬಹುಕಾಲ ಬಾಳುತ್ತದೆ. ಕೈಯಲ್ಲಿ ಬರಬೇಕಾದ ಕುಶಲತೆಯನ್ನು ಮೊನೆಯಲ್ಲಿ ತುಂಬಲು ಹೊರಟವನು ಕೊನೆಗೆ ಎರಡನ್ನೂ ಕಳೆದುಕೊಳ್ಳುತ್ತಾನೆ. ಗಾಯ ಮಾಯುವಷ್ಟು ಉಜ್ಜುವುದು ಆರೈಕೆ. ಅದಕ್ಕೆ ಮೀರಿದುದು ಆಸೆ.

ಹಾಗಾದರೆ ಮೊನೆಯನ್ನು ಎಂದೆಂದಿಗೂ ಉಳಿಸಿಕೊಳ್ಳುವ ದಾರಿ ಯಾವುದು? ಅಂಥ ದಾರಿಯಿಲ್ಲ. ಆಡಿದರೆ ಸವೆಯುತ್ತದೆ, ಆರೈಕೆ ಮಾಡಿದರೂ ಸವೆಯುತ್ತದೆ, ಮುಚ್ಚಿಟ್ಟರೆ ಏನಾಗುತ್ತದೆಂಬುದನ್ನು ಆಗಲೇ ಕಂಡೆವು. ನಮಗೆ ಉಳಿದಿರುವ ಆಯ್ಕೆ ಅದು ಯಾವುದರಿಂದ ಸವೆಯಬೇಕು ಎಂಬುದಷ್ಟೆ. ಮೂವತ್ತೆಂಟು ಮಕ್ಕಳ ಕೈಗಳು ಮೊಣಕಾಲು ಬಾಗಿಸಿ ಹಿಡಿಯಲು ಕಲಿತು, ಆ ಕಲಿಕೆಯಲ್ಲಿ ಅದು ಕುಗ್ಗುತ್ತ ಹೋಗಿ ಒಂದು ದಿನ ಕೆಲಸಕ್ಕೆ ಬಾರದಂತಾದರೆ, ಅದು ಹಾಳಾಯಿತೆಂದು ಹೇಳಲು ನಮ್ಮ ಮನಸ್ಸು ಒಪ್ಪುವುದಿಲ್ಲ. ಸುಣ್ಣದ ಕಡ್ಡಿಯು ಹಲಗೆಯ ಮೇಲೆ ಸವೆದುದಕ್ಕೆ ಯಾವ ಶಿಕ್ಷಕನೂ ದುಃಖಿಸುವುದಿಲ್ಲವಷ್ಟೆ.

ಮುರಿದ ಮೊನೆಯನ್ನು ದುಂಡಾಗಿ ಉಜ್ಜುವ ಕೆಲಸವನ್ನು ನಾವು ಅದೇ ಬಾಲಕನಿಗೆ ಕೊಟ್ಟೆವು. ಅದನ್ನು ಶಿಕ್ಷೆಯೆಂದು ಹೇಳಲಿಲ್ಲ, ಬಹುಮಾನವೆಂದೂ ಹೇಳಲಿಲ್ಲ. ತರಗತಿಯ ಮುಂದೆ ಅವನಿಂದ ಕ್ಷಮೆ ಕೇಳಿಸಬೇಕಾಗಿತ್ತೆ ಎಂಬ ಸಂದೇಹ ನಮಗೆ ಇಂದಿಗೂ ಪೂರ್ತಿಯಾಗಿ ಹೋಗಿಲ್ಲ. ಮುಟ್ಟಬಾರದೆಂಬ ನಮ್ಮ ನಿಯಮ ತಪ್ಪಾಗಿತ್ತೆಂದು ಮಾತ್ರ ನಾವು ಎಲ್ಲರ ಮುಂದೆ ಒಪ್ಪಿಕೊಂಡೆವು. ಅವನು ಎರಡು ದಿನ ಊಟದ ಬಿಡುವಿನಲ್ಲಿ ಕುಳಿತು ಉಜ್ಜಿದನು. ನಾವು ಅಂಟಿನ ಹನಿ ಬಿಟ್ಟೆವು. ಮೂರನೆಯ ದಿನ ಮೊದಲ ಸರದಿ ಆ ಬಾಲಿಕೆಯದಾಯಿತು. ಚಾಪೆಯ ಮೇಲೆ ನಿಂತು ಹನ್ನೊಂದು ಸಲ ತಪ್ಪಿದಳು. ಪ್ರತಿ ಸಲವೂ ಗುಂಡು ಮೊನೆಗೆ ಬಡಿದ ಸದ್ದು ಕೇಳುವಾಗ ನಮ್ಮ ಎದೆ ಜಗ್ಗೆಂದಿತು. ಟೊಪ್ಪಿಯ ಕಡೆಗೆ ಕೈ ಹೋಗದಂತೆ ತಡೆದುಕೊಂಡೆವು. ಹುಡುಗನೂ ಗೋಡೆಯ ಬಳಿ ಉಸಿರು ಬಿಗಿಹಿಡಿದು ನೋಡುತ್ತಿದ್ದನು. ಹನ್ನೆರಡನೆಯ ಸಲ ಗುಂಡು ಮೊನೆಯ ಮೇಲೆ ಸದ್ದಿಲ್ಲದೆ ಇಳಿದು ನಿಂತಿತು. ಅವಳು ಮೊದಲು ಮಾಡಿದ ಕೆಲಸವೆಂದರೆ ಗುಂಡನ್ನು ತೆಗೆದು ಮೊನೆಯನ್ನು ಬೆರಳಿನಿಂದ ಸವರಿ ನೋಡಿದುದು. ಬಳಿಕ ಅದನ್ನು ಆ ಹುಡುಗನ ಕೈಗೆ ಕೊಟ್ಟು, “ಸರಿಯಾಗಿಯೇ ಇದೆ, ನೀನು ಆಡು” ಎಂದಳು.

ಕಾಯುವುದು ಎಂಬ ಮಾತಿನ ಎರಡನೆಯ ಅರ್ಥವನ್ನು ನಾವು ಅಂದು ಕಲಿತೆವು.